ಟೈಲ್ಸ್ ಮೇಲೆ ಬಣ್ಣ ನಿಲ್ಲುತ್ತಾ?

ಈ ವಾರ ಸೊಪ್ಪಿನ ಮಡಿ ವಿಷಯ ಅಲ್ಲ, ನಮ್ಮ ಕಗ್ಗದಾಸಪುರದ ಮನೆಯ ಅಡುಗೆಮನೆ ಗೋಡೆ ವಿಷಯ. ಹಳೇ ಟೈಲ್ಸ್ ಒಡೀಬೇಕೋ, ಮೇಲೇ ಬಣ್ಣ ಹೊಡೀಬೋದೋ ಅಂತ ಇಬ್ಬರು ಮೂವರು ಕೇಳಿದ್ರು. ಮಾಡಿ ನೋಡಿದ್ದೀನಿ, ಅದಕ್ಕೇ ಬರೀತಿದ್ದೀನಿ.

ಆ ಟೈಲ್ಸ್ ನಮ್ಮವ್ವ ಹಾಲಿನ ದುಡ್ಡು ಕೂಡಿಟ್ಟು 1994ರಲ್ಲಿ ಹಾಕಿಸಿದ್ದು. ಕಂದು ಬಣ್ಣದ ಹೂವು. ಅಂಚೆಲ್ಲ ಹಳದಿಯಾಗಿ, ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ, ನಮ್ಮನೆಯವ್ರಿಗೆ ಉಜ್ಜಿ ಉಜ್ಜಿ ಸಾಕಾಗಿತ್ತು. ಮಗ ಒಡೆಸಿಬಿಡೋಣ ಅಂದ. ಆದ್ರೆ ಅದು ಪಾಲಾದ ಮನೆಯ ನಡುಗೋಡೆ. ಆ ಕಡೆ ಅಣ್ಣನ ಭಾಗ, ಗೋಡೆಗೆ ಒತ್ತಿದಂಗೆ ಅವ್ವನ ಮಂಚ. ಅವ್ವ ಎದ್ದು ಓಡಾಡದೆ ವರ್ಷದ ಮೇಲಾಯ್ತು. ಗೋಡೆ ಮಣ್ಣಿನ ಗಾರೆಯದು. ಸುತ್ತಿಗೆ ಏಟು ಬಿದ್ರೆ ಅತ್ತಕಡೆ ಪ್ಲಾಸ್ಟರ್ ಉದುರುತ್ತೆ. ನೀರಿನ ವಿಚಾರಕ್ಕೆ ಅಣ್ಣನ ಹತ್ರ ಮಾತು ಮೊದಲೇ ಕಮ್ಮಿಯಾಗಿತ್ತು, ಇನ್ನು ಇದೊಂದು ಬೇರೆ ಬೇಡ ಅನ್ನಿಸ್ತು.

ಟೈಲ್ಸ್ ಮೇಲೆ ಬಣ್ಣ ಯಾಕೆ ನಿಲ್ಲಲ್ಲ ಅನ್ನೋದು ರೈತರಿಗೆ ಬೇಗ ಅರ್ಥ ಆಗುತ್ತೆ. ಕೋಸಿನ ಎಲೆ ಮೇಲೆ ಬರೀ ಔಷಧಿ ಹೊಡೆದ್ರೆ ಹನಿ ಉರುಳಿ ನೆಲಕ್ಕೆ ಬೀಳುತ್ತೆ, ಅದಕ್ಕೇ ಜೊತೆಗೆ ಅಂಟು ಬೆರೆಸ್ತೀವಿ. ಮಂಗಳೂರು ಹೆಂಚು ಬರೀ ಸುಟ್ಟ ಮಣ್ಣು, ನೀರು ಹೀರುತ್ತೆ. ಟೈಲ್ಸ್‌ಗೆ ಮೇಲೆ ಗಾಜಿನ ಪದರ ಕಾಯಿಸಿ ಕೂರಿಸಿರ್ತಾರೆ. ಕರೆಂಟ್ ಕಂಬದ ಪಿಂಗಾಣಿ ಬಟ್ಟಲಿಗೂ ಅದೇ ಹೊಳಪು, ಮಳೆನೀರು ಜಾರಿಹೋಗ್ಲಿ ಅಂತ. ಜಾರಿಹೋಗೋ ಮೈ ಮೇಲೆ ಬಣ್ಣಕ್ಕೆ ಹಿಡಿತ ಎಲ್ಲಿಂದ ಬರಬೇಕು?

ಹಾಗಾಗಿ ಕೆಲಸದಲ್ಲಿ ಮುಕ್ಕಾಲು ಪಾಲು ಬಣ್ಣಕ್ಕೆ ಮುಂಚಿಂದು. ಮೊದಲು ಒಂದೊಂದೇ ಟೈಲನ್ನ ಬೆರಳ ಗೆಣ್ಣಲ್ಲಿ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ್ರೆ ಅದು ಬಿಟ್ಟಿದೆ, ಅದನ್ನ ಮೊದಲು ಕೂರಿಸಿ. ಎಣ್ಣೆ ಜಿಡ್ಡಿಗೆ ಬಿಸಿನೀರು, ವಾಷಿಂಗ್ ಸೋಡ. ಉಪ್ಪಿನ ಕಟ್ಟಿಗೆ ನಿಂಬೆಹುಳಿ ಇಲ್ಲಾ ವಿನೆಗರ್ ಹಚ್ಚಿ, ಆಮೇಲೆ ಚೆನ್ನಾಗಿ ತೊಳೀಬೇಕು. ಹುಳಿ, ಆಸಿಡ್ ಏನೇ ಆಗ್ಲಿ, ಬ್ಲೀಚಿಂಗ್ ಜೊತೆ ಸೇರಿಸ್ಬೇಡಿ, ವಿಷದ ಗಾಳಿ ಬರುತ್ತೆ. ಸಿಂಕ್ ಸುತ್ತ ಸಿಲಿಕಾನ್ ಇದ್ರೆ ಪೂರ್ತಿ ಕೆರೆದು ತೆಗೀರಿ, ಅದರ ಮೇಲೆ ಯಾವ ಬಣ್ಣಾನೂ ಕೂರಲ್ಲ. ಜಾಯಿಂಟಲ್ಲಿ ಬಿಟ್ಟಿದ್ದ ಕಡೆ ವೈಟ್ ಸಿಮೆಂಟ್ ತುಂಬಿ ಒಣಗಿಸಿದ್ವಿ. ಆಮೇಲೆ 220 ನಂಬರ್ ವಾಟರ್ ಪೇಪರ್ ನೀರಲ್ಲಿ ನೆನೆಸಿ ಉಜ್ಜಿದ್ವಿ. ಹೊಳಪು ಸತ್ತು ಗೋಡೆ ಮಂಕಾಗಬೇಕು, ಅಲ್ಲೀವರೆಗೂ.

ಗೋಡೆ ಪೂರ್ತಿ ಒಣಗಿದ ಮೇಲೆ ಟೈಲ್ಸ್‌ಗೆ ಹಿಡಿಯೋ ಪ್ರೈಮರ್ ಒಂದು ಕೈ. ಮೇಲೆ ಎಪಾಕ್ಸಿ ಬಣ್ಣ ತೆಳುವಾಗಿ ಎರಡು ಕೈ, ಮಧ್ಯೆ ಒಂದು ರಾತ್ರಿ ಬಿಟ್ಟು. ಎಪಾಕ್ಸಿ ಎರಡು ಡಬ್ಬಿಯಲ್ಲಿ ಬರುತ್ತೆ, ಬಣ್ಣ ಒಂದು, ಹಾರ್ಡನರ್ ಒಂದು. ಡಬ್ಬಿ ಮೇಲೆ ಬರೆದ ಅಳತೆಗೇ ಬೆರೆಸ್ಬೇಕು. ಬೆರೆಸಿದ್ದು ಸ್ವಲ್ಪ ಹೊತ್ತಲ್ಲೇ ಕಲ್ಲಾಗುತ್ತೆ, ನಾಳೆಗೆ ಎತ್ತಿಡಂಗಿಲ್ಲ. ವಾಸನೆ ಜೋರು, ಥಿನ್ನರ್‌ಗೆ ಬೆಂಕಿ ಆಗಲ್ಲ. ಸಿಲಿಂಡರ್ ಹೊರಗಿಟ್ಟು, ಕಿಟಕಿ ಬಾಗಿಲು ತೆಗೆದು, ಕೈಗೆ ಗ್ಲೌಸ್ ಹಾಕ್ಕೊಂಡು ಮಾಡಿದ್ವಿ. ಅಡುಗೆ ಹಿತ್ತಲ ಸೌದೆ ಒಲೇಲಿ. ಗೋಡೆ ಮೇಲೆ ಏಳು ದಿನ ನೀರು ಹಾಕಲಿಲ್ಲ, ಉಜ್ಜಲೂ ಇಲ್ಲ.

ಎಲ್ಲಾ ಕಡೆಗೂ ಇದು ಆಗಲ್ಲ. ನೆಲಕ್ಕೆ ಬೇಡ, ಕಾಲು ಸವೆಸುತ್ತೆ. ಬಚ್ಚಲಲ್ಲಿ ದಿನಾ ನೀರು ಬೀಳೋ ಗೋಡೆಗೂ ನಾನು ಹೊಡೆದಿಲ್ಲ. ಗೋಡೆ ಒಳಗಿಂದಲೇ ತೇವ ಬರ್ತಿದ್ರೆ ಎಂಥ ಬಣ್ಣ ಆದ್ರೂ ಬೊಕ್ಕೆ ಎದ್ದು ಸಿಪ್ಪೆ ಬಿಡುತ್ತೆ. ಪೈಪ್ ರಿಪೇರಿ ಮೊದಲು, ಬಣ್ಣ ಆಮೇಲೆ.

ವಾಟರ್ ಪೇಪರ್ ಉಜ್ಜೋ ದಿನ ಆ ಕಡೆಯಿಂದ ಅಣ್ಣ, 'ಏನ್ಲಾ ಅದು ಕರ ಕರ?' ಅಂತ ಕೂಗಿದ. ತಿಂಗಳುಗಳಾದ ಮೇಲೆ ಅವನಾಗೇ ಆಡಿದ ಮೊದಲ ಮಾತು. ಟೈಲ್ಸ್ ಒಡೀತಿಲ್ಲ ಅಣ್ಣ, ಬಣ್ಣಕ್ಕೆ ಉಜ್ತಿದ್ದೀನಿ ಅಂದೆ. ಹೂಂ ಅಂದು ಸುಮ್ಮನಾದ. ಅವ್ವನಿಗೆ ವಾಸನೆ ತಾಗದೇ ಇರ್ಲಿ ಅಂತ ಪ್ರೈಮರ್ ಹೊಡೆಯೋ ಮುಂಚೆ ಹೇಳಿಕಳಿಸಿದೆ. ಅತ್ತಿಗೆ ಮಂಚಾನ ಮುಂದಿನ ರೂಮಿಗೆ ಹಾಕಿಸಿದ್ರು.

ಒಂದು ವಾರ ಕಳೆದ ಮೇಲೆ ಅಣ್ಣ ಬಂದು ಗೋಡೆನ ಉಗುರಲ್ಲಿ ಕೆರೆದು ನೋಡಿದ. ಅವನ ಸಿಂಕ್ ಹಿಂದೆಯೂ ಅದೇ ಕಂದು ಹೂವಿನ ಟೈಲ್ಸು. 'ಮಿಕ್ಕಿದ್ದು ಇದ್ಯಾ?' ಅಂದ. ಬೆರೆಸಿದ್ದು ಮಿಕ್ಕಲ್ಲ ಅಣ್ಣ, ಹೊಸದು ತಂದು ಬೆರೆಸ್ಬೇಕು, ಭಾನುವಾರ ನಾನೇ ಬರ್ತೀನಿ ಅಂದೆ. ನೀರಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದು ಹಂಗೇ ಇದೆ.

ನಮ್ಮ ಗೋಡೆಗೆ ಪ್ರೈಮರ್, ಬಣ್ಣ, ಪೇಪರ್ ಎಲ್ಲಾ ಸೇರಿ ನಾಲ್ಕು ಸಾವಿರದ ಒಳಗೆ ಮುಗೀತು, ಕೂಲಿ ನಮ್ಮದೇ. ನಿಮ್ಮ ಮನೇಲಿ ಮಾಡೋರು ಮೊದಲು ಮೂಲೆಯ ಒಂದೇ ಟೈಲ್‌ಗೆ ಹೊಡೆದು, ವಾರ ಬಿಟ್ಟು ಉಗುರಲ್ಲಿ ಕೆರೆದು ನೋಡಿ. ನಿಂತ್ರೆ ಮುಂದುವರೀರಿ.