ಘಾಟಿಯ ತಿರುವಿನಲ್ಲಿ ಎರಡು ಕಾರು

ನರಸಿಂಹರಾಜಪುರದಿಂದ ಕೊಪ್ಪ, ಹರಿಹರಪುರ ಹಾದು ಶೃಂಗೇರಿಗೆ ಬರುವ ದಾರಿಯಲ್ಲಿ ನೇರ ರಸ್ತೆ ಸಿಗುವುದೇ ಅಪರೂಪ. ಒಂದು ಕಡೆ ಅಡಿಕೆ ತೋಟ, ಇನ್ನೊಂದು ಕಡೆ ದರೆ. ನಡುವೆ ತಿರುವಿನ ಮೇಲೆ ತಿರುವು. ಶೃಂಗೇರಿಯಲ್ಲಿ ತುಂಗೆಯನ್ನು ನೋಡಿಕೊಂಡು ಆಗುಂಬೆಗೆ ಹೊರಳಿದರೆ ಘಾಟಿಯ 14 ಹೇರ್‌ಪಿನ್ ತಿರುವುಗಳು ಕಾದಿರುತ್ತವೆ. ಅವನ್ನಿಳಿದು ಹೆಬ್ರಿ, ಕಾರ್ಕಳದ ಮೇಲೆ ಧರ್ಮಸ್ಥಳಕ್ಕೆ ಹೋಗುವ ಶಾಲಾ ಪ್ರವಾಸದ ಮಕ್ಕಳು ಅಲ್ಲಿನ ಹಳೆಯ ಕಾರುಗಳ ಸಂಗ್ರಹದ ಮುಂದೆ ಕೇಳುವ ಪ್ರಶ್ನೆ ಒಂದೇ: 'ಸಾರ್, ಈಗಿನ ಸ್ಪೋರ್ಟ್ಸ್ ಕಾರಿನ ಎದುರು ಇಂಥದ್ದು ನಮ್ಮ ಘಾಟಿಯಲ್ಲಿ ನಿಲ್ಲುತ್ತಾ?'

ಲೆಕ್ಕ ಹಾಕಿಯೇ ನೋಡೋಣ. 1959ರಿಂದ 1968ರವರೆಗೆ ತಯಾರಾದ ರೋಲ್ಸ್ ರಾಯ್ಸ್ ಫ್ಯಾಂಟಮ್ 5 ಲಿಮೋಸಿನ್ನಿನ ಉದ್ದ ಸುಮಾರು 6 ಮೀಟರ್, ತೂಕ ಎರಡೂವರೆ ಟನ್ನಿಗೂ ಹೆಚ್ಚು, ಎಂಜಿನ್ 6.2 ಲೀಟರ್. 1996ರಲ್ಲಿ ಬಂದ ಲೋಟಸ್ ಎಲೀಸ್ ಕೂಡ ಇಂಗ್ಲೆಂಡಿನದೇ. ಅಲ್ಯೂಮಿನಿಯಂ ಚೌಕಟ್ಟಿನ ಆ ಕಾರಿನ ತೂಕ ಸುಮಾರು 725 ಕಿಲೋ, ಎಂಜಿನ್ 1.8 ಲೀಟರ್. ಒಂದು ಲಿಮೋಸಿನ್ ಮೂರು ಎಲೀಸ್‌ಗಿಂತ ಭಾರ!

ಘಾಟಿ ಸುಮಾರು 500 ಮೀಟರ್ ಕೆಳಗಿಳಿಯುತ್ತದೆ ಎಂದಿಟ್ಟುಕೊಳ್ಳಿ. ಲಿಮೋಸಿನ್ ಕಳೆದುಕೊಳ್ಳಬೇಕಾದ ಶಕ್ತಿ 1.2 ಕೋಟಿ ಜೂಲ್, ಎಲೀಸ್‌ನದು 35 ಲಕ್ಷ. ಬರೀ ಬ್ರೇಕನ್ನೇ ನಂಬಿದರೆ ಇದರ ಬಹುಪಾಲು ಬ್ರೇಕಿನಲ್ಲೇ ಶಾಖವಾಗುತ್ತದೆ. ಅನುಭವಿ ಚಾಲಕರು ಕಡಿಮೆ ಗೇರಿನಲ್ಲಿ ಇಳಿಯುವುದು ಇದಕ್ಕೇ. ಇಲ್ಲಿ ಹಗುರ ಕಾರಿಗೆ ಜಯ.

ತಿರುವಿಗೆ ಬನ್ನಿ. ವಾಹನವನ್ನು ತಿರುಗಿಸುವ ಕೇಂದ್ರಾಭಿಮುಖ ಬಲವನ್ನು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ ಒದಗಿಸಬೇಕು. ಭಾರ ಹೆಚ್ಚಿದಷ್ಟೂ ಬೇಕಾಗುವ ಬಲ ಹೆಚ್ಚು. ಸಿಗುವ ಘರ್ಷಣೆಯೂ ಅಷ್ಟೇ ಹೆಚ್ಚು. ಸಮೀಕರಣದ ಎರಡೂ ಕಡೆಯಿಂದ ದ್ರವ್ಯರಾಶಿ ಹೊಡೆದುಹೋಗುತ್ತದೆ! ತಿರುವಿನ ತ್ರಿಜ್ಯ 12 ಮೀಟರ್, ಒಣ ರಸ್ತೆಯ ಘರ್ಷಣಾ ಗುಣಾಂಕ 0.7 ಎಂದುಕೊಂಡರೆ ಜಾರದೆ ತಿರುಗಬಹುದಾದ ಗರಿಷ್ಠ ವೇಗ ಗಂಟೆಗೆ 33 ಕಿ.ಮೀ. ಮಳೆ ಬಿದ್ದು ಗುಣಾಂಕ 0.4ಕ್ಕೆ ಇಳಿದರೆ 25. ಕೆಸರು, ಕೊಳೆತ ಎಲೆ ಸೇರಿ 0.2 ಆದರೆ ಬರೀ 17. ಒಳ್ಳೆಯ ಟೈರು ಈ ಅಂಕಿಗಳನ್ನು ತುಸು ಏರಿಸೀತು. ಆದರೆ ರಾಜರ ಕಾರಿಗೂ ರೇಸಿನ ಕಾರಿಗೂ ನಿಯಮ ಒಂದೇ.

ದ್ವಿಚಕ್ರ ವಾಹನಕ್ಕೂ ಇದು ತಪ್ಪಿದ್ದಲ್ಲ. ಕಾಲೇಜಿಗೆ ಬೈಕು ಬೇಕೆಂದು ಹಟ ಹಿಡಿಯುವ ಮಗ ಎಷ್ಟು ಸಿ.ಸಿ. ಎಂದು ಹೇಳುತ್ತಾನೆ. ಪೋಷಕರು ಕೇಳಬೇಕಾದ್ದು ಬೇರೆ: ಟೈರು ಸವೆದಿದೆಯೇ? ಜೂನ್ ತಿಂಗಳ ಮಳೆಯಲ್ಲಿ ತಿರುವಿಗೆ ಮೊದಲೇ ವೇಗ ಇಳಿಸುತ್ತೀಯಾ? ನಮ್ಮ ಮೂರು ತಾಲ್ಲೂಕುಗಳ ರಸ್ತೆಯಲ್ಲಿ ಸುರಕ್ಷಿತವಾಗಿ ಮನೆ ತಲುಪಿಸುವುದು ಎಂಜಿನ್ನಿನ ಬಲವಲ್ಲ, ಆ ಅಂಗೈಯಗಲದ ರಬ್ಬರಿನ ಹಿಡಿತ.