ಹಿತ್ತಲ ಅಡುಗೆಕಟ್ಟೆ

ಮುಂಬಯಿಯಲ್ಲೇ ಹುಟ್ಟಿ ಬೆಳೆದ ಗೆಳೆಯರೇ, ಊರಿಗೆ ಮರಳಿದ ಅಮ್ಮನಿಗೆ ಹಿತ್ತಲಲ್ಲೊಂದು ಅಡುಗೆಕಟ್ಟೆ ಮಾಡಿಸಿಕೊಡುವ ಆಸೆ ನಿಮಗೂ ಇದ್ದೀತು. ಮಲ್ಪೆ ಕಡಲ ಸಮೀಪದ ನಮ್ಮ ಮನೆಗೆ ನಾನು, ಅಗ್ಗವೆಂದು, ಕಬ್ಬಿಣದ ಚೌಕ ಪೈಪಿನ ಚೌಕಟ್ಟು ಮಾಡಿಸಿದೆ. ಮೂರನೇ ಮಳೆಗಾಲದಲ್ಲಿ ಒಂದು ಕಾಲು ಕುಸಿದು, ಮೇಲಿನ ಕಡಪ ಕಲ್ಲು ಅಮ್ಮನ ಪಾದದ ಪಕ್ಕಕ್ಕೇ ಬಿತ್ತು.

“ಪ್ರತಿ ವರ್ಷ ಬಣ್ಣ ಬಳಿಸಿದ್ದೆನಲ್ಲ!” ಎಂದೆ.

“ಪೈಪಿನ ಒಳಗೂ ಬಳಿಸಿದ್ದೆಯಾ?” ಎಂದಳು.

ತುಕ್ಕು ಒಳಗಿನಿಂದಲೇ ತಿಂದಿತ್ತು. ಮರವೆಂದರೆ ಗೆದ್ದಲು. ಸ್ಟೀಲಿನಲ್ಲೂ ಭೇದವಿದೆ: ಸಿಂಕಿಗೆ ಬಳಸುವ 304 ಉಪ್ಪುಗಾಳಿಗೆ ಕಲೆಗಟ್ಟುತ್ತದೆ, 316ರಲ್ಲಿ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ ಇರುವುದರಿಂದ ಅದು ಉಪ್ಪನ್ನು ಹೆಚ್ಚು ತಾಳುತ್ತದೆ. ದುಬಾರಿ, ನಿಜ. ಈ ಸಲ ಅದನ್ನೇ ಹಾಕಿಸಿದೆ.

ಅಮ್ಮ ಮಾತ್ರ ಒಲೆ ಹಚ್ಚುವ ಮೊದಲು ಈಗಲೂ ಕಟ್ಟೆಯನ್ನೊಮ್ಮೆ ಅಲುಗಾಡಿಸಿ ನೋಡುತ್ತಾಳೆ.