ಅತ್ತೆಯವರ ತಟ್ಟೆಗೂ ಎರಡು ನಾನಖಟಾಯಿ

ಮನೆಯಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಬಂತೆಂದರೆ ಅಡುಗೆಮನೆಯ ಲೆಕ್ಕವೇ ಬದಲಾಗುತ್ತದೆ. ಅನ್ನ ಕಡಿಮೆ, ರೊಟ್ಟಿ ಎಣಿಸಿ, ಚಹಕ್ಕೆ ಸಕ್ಕರೆ ಇಲ್ಲ. ಇಷ್ಟನ್ನು ನಾವೆಲ್ಲ ಬೇಗ ಕಲಿಯುತ್ತೇವೆ. ನಾವು ಮರೆಯುವುದು ಬಿಸ್ಕತ್ತಿನ ತಟ್ಟೆಯನ್ನು. ನಾಲ್ಕು ಜನ ಕೂತಾಗ ಅದು ಎಲ್ಲರ ಮುಂದೆಯೂ ಬರುತ್ತದೆ. ಒಬ್ಬರ ಮುಂದೆ ಮಾತ್ರ ನಿಲ್ಲದೆ ದಾಟಿ ಹೋಗುತ್ತದೆ.

ನಮ್ಮ ಮನೆ ವಿಜಯಪುರದಲ್ಲಿ. ನನ್ನ ತವರು ತಿಕೋಟಾ. ನಾದಿನಿಯನ್ನು ಬಬಲೇಶ್ವರಕ್ಕೆ ಕೊಟ್ಟಿದೆ. ಎರಡೂ ಕಡೆಯವರು ಸಂತೆಗೆ, ಆಸ್ಪತ್ರೆಗೆ ಎಂದು ಊರಿಗೆ ಬಂದರೆ ನಮ್ಮಲ್ಲಿ ಚಾ ಕುಡಿಯದೆ ಹೋಗುವುದಿಲ್ಲ. ನಮ್ಮ ಅತ್ತೆಯವರಿಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಒಮ್ಮೆ ಹೀಗೆ ಎಲ್ಲರೂ ಕೂತಾಗ ನಾದಿನಿಯೇ, "ಅವ್ವಗ ಬ್ಯಾಡ, ಶುಗರ್ ಐತಿ" ಎಂದು ತಟ್ಟೆ ಸರಿಸಿದಳು. ಅತ್ತೆ ಆಗ ಸುಮ್ಮನಿದ್ದರು. ರಾತ್ರಿ ಮಾತ್ರ ನನ್ನ ಹತ್ತಿರ, "ಬ್ಯಾಡ ಅನ್ನೂದು ನಾ ಅನಬೇಕವಾ, ನೀವಲ್ಲ" ಎಂದರು. ಆ ಮಾತು ನನಗೆ ನಾಟಿತು. ಅವರು ಕೈಹಾಕಬಹುದಾದ ಬಿಸ್ಕತ್ತನ್ನು ಮನೆಯಲ್ಲೇ ಮಾಡಬೇಕೆಂದು ನಿಶ್ಚಯಿಸಿದೆ.

ಸಲಹೆಗಳಿಗೇನು ಬರ? "ಬೆಲ್ಲ ಹಾಕು, ಜೋಳದ ಹಿಟ್ಟಿಲೆ ಮಾಡು, ಮ್ಯಾಲ ನಮ್ಮ ತೋಟದ ಒಣದ್ರಾಕ್ಷಿ ಇಡು" ಎಂದು ತವರಿನಿಂದ ಬಂತು. ತಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿ ಬೆಳೆಯೇ ದೊಡ್ಡದು. ಪ್ರೀತಿಯಿಂದ ಹೇಳಿದ ಮಾತು ಅದು. ಆದರೆ ಸಕ್ಕರೆ ಕಾಯಿಲೆಗೆ ಬೇಕಾದದ್ದು ಪಿಷ್ಟದ ಲೆಕ್ಕ. ಡಾಕ್ಟರು ಕಾರ್ಬೋಹೈಡ್ರೇಟ್ ಎನ್ನುತ್ತಾರಲ್ಲ, ಅದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಗಾಗಿ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು ಮಾಡಿದ ಆಹಾರ ಕೋಷ್ಟಕ ನೋಡಿ. 100 ಗ್ರಾಂ ಮೈದಾದಲ್ಲಿ ಪಿಷ್ಟ ಸುಮಾರು 74 ಗ್ರಾಂ, ಜೋಳದಲ್ಲಿ 73, ಒಣದ್ರಾಕ್ಷಿಯಲ್ಲಿ 75. ಸಕ್ಕರೆ 99 ಆದರೆ ಬೆಲ್ಲ 95. ಜೋಳದ ರೊಟ್ಟಿ ನಮ್ಮ ಜೀವ. ಅದರ ನಾರು ಊಟಕ್ಕೆ ಒಳ್ಳೆಯದು. ಆದರೆ ಬಿಸ್ಕತ್ತಿನ ಪಿಷ್ಟ ಇಳಿಸುವ ಕೆಲಸ ಜೋಳದಿಂದಲೂ ಆಗದು, ಬೆಲ್ಲದಿಂದಲೂ ಆಗದು.

ಹಾಗಾದರೆ ಯಾವುದರಿಂದ ಆಗುತ್ತದೆ? ನಿಮ್ಮ ಹಿಂಡಿ ಡಬ್ಬಿಗಳ ಸಾಲಿನ ಕಡೆ ನೋಡಿ! ಶೇಂಗಾದಲ್ಲಿ ಪಿಷ್ಟ 26 ಗ್ರಾಂ, ಅಗಸಿಯಲ್ಲಿ 29, ಎಳ್ಳಿನಲ್ಲಿ 25, ಒಣಕೊಬ್ಬರಿಯಲ್ಲಿ 18, ಗುರೆಳ್ಳಿನಲ್ಲಿ 17. ದೊಡ್ಡ ಪಟ್ಟಣಗಳಲ್ಲಿ ಇಂಥ ಬಿಸ್ಕತ್ತಿಗೆ ಬಾದಾಮಿ ಹಿಟ್ಟು ಬಳಸುತ್ತಾರೆ. ಆ ಬೆಲೆ ನಮಗೇಕೆ? ಅದೇ ಕೆಲಸವನ್ನು ನಮ್ಮ ಶೇಂಗಾ ಮಾಡಿಕೊಡುತ್ತದೆ.

ಬೇಕಾಗುವ ಸಾಮಾನು: ಶೇಂಗಾ 200 ಗ್ರಾಂ, ಕಡಲೆ ಹಿಟ್ಟು 25 ಗ್ರಾಂ, ಪುಡಿ ಸಕ್ಕರೆ 25 ಗ್ರಾಂ, ತುಪ್ಪ 30 ಗ್ರಾಂ, ಹುರಿದ ಅಗಸಿ ಪುಡಿ 10 ಗ್ರಾಂ, ಏಲಕ್ಕಿ, ಚಿಟಿಕೆ ಉಪ್ಪು, ಚಿಟಿಕೆ ಅಡುಗೆ ಸೋಡಾ.

ಮಾಡುವ ವಿಧಾನ: ಮುರುಟಿದ, ಬೂಷ್ಟು ಹಿಡಿದ ಕಾಳನ್ನು ಆರಿಸಿ ಎಸೆಯಿರಿ. ಶೇಂಗಾ ಸಣ್ಣ ಉರಿಯಲ್ಲಿ ಹುರಿದು, ಆರಿಸಿ, ಸಿಪ್ಪೆ ತೆಗೆಯಿರಿ. ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುವಿ. ಒಂದೇ ಸಮನೆ ತಿರುವಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಕಡಲೆ ಹಿಟ್ಟನ್ನು ಘಮ್ಮೆನ್ನುವವರೆಗೆ ಹುರಿದುಕೊಳ್ಳಿ. ಅಗಸಿ ಪುಡಿಯನ್ನು ಎರಡು ದೊಡ್ಡ ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಅಂಟು ಬರುತ್ತದೆ. ಮೈದಾ ಇಲ್ಲದ ಈ ಹಿಟ್ಟನ್ನು ಹಿಡಿದಿಡುವುದು ಆ ಅಂಟೇ. ತುಪ್ಪ, ಸಕ್ಕರೆ ತಿಕ್ಕಿ, ಅಗಸಿ ಸೇರಿಸಿ, ಉಳಿದದ್ದನ್ನೆಲ್ಲ ಹಾಕಿ ಕಲಸಿ. ಉದುರುದುರಾದರೆ ಒಂದು ಚಮಚ ಹಾಲು ಸಾಕು. ಇಪ್ಪತ್ತು ಉಂಡೆ ಮಾಡಿ ಮೆಲ್ಲಗೆ ಒತ್ತಿ.

ಓವನ್ ಇಲ್ಲವೆಂದು ಕೂಡಬೇಡಿ. ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಒಂದು ಅಂಗುಲ ಉಪ್ಪು ಹರಡಿ, ಮೇಲೆ ಒಂದು ಸ್ಟ್ಯಾಂಡು ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ತುಪ್ಪ ಸವರಿದ ತಟ್ಟೆಯಲ್ಲಿ ಬಿಸ್ಕತ್ತು ಜೋಡಿಸಿ ಒಳಗಿಟ್ಟು ಸಣ್ಣ ಉರಿಯಲ್ಲಿ 18-20 ನಿಮಿಷ ಬೇಯಿಸಿ. ಶೇಂಗಾ ಬೇಗ ಸೀಯುತ್ತದೆ, ಅಂಚು ಕೆಂಪಾದೊಡನೆ ತೆಗೆಯಿರಿ. ಬಿಸಿಯಿದ್ದಾಗ ಮೆತ್ತಗಿರುತ್ತದೆ, ಅರ್ಧ ಗಂಟೆ ಮುಟ್ಟಲೇಬೇಡಿ. ಡಬ್ಬಿಯಲ್ಲಿಟ್ಟು ಎಂಟು ದಿನದೊಳಗೆ ಮುಗಿಸಿ, ಇಲ್ಲವಾದರೆ ಕಮಟು ಬರುತ್ತದೆ.

ರುಚಿ ಭಟ್ಟಿಯ ನಾನಖಟಾಯಿಯದೇ ಎಂದು ನಾನು ಹೇಳಲಾರೆ. ಹಿಟ್ಟು, ಸಕ್ಕರೆ, ಡಾಲ್ಡಾ ಒಯ್ದು ಭಟ್ಟಿಯಲ್ಲಿ ಮಾಡಿಸಿ ತರುವುದರ ಬಾಯಲ್ಲಿ ಕರಗುವ ಗುಣ ಇದಕ್ಕಿಲ್ಲ. ಇದು ತುಸು ಕಟುಕು, ಶೇಂಗಾ ಉಂಡಿಯ ವಾಸನೆ. "ಇದು ನಾನಖಟಾಯಿ ಅಲ್ಲ, ಅದರ ತಂಗಿ" ಎಂದು ಅತ್ತೆಯವರು ನಕ್ಕರು. ಆದರೆ ಲೆಕ್ಕ ನೋಡಿ: ಇಷ್ಟೇ ಗಾತ್ರದ ಮೈದಾ ಬಿಸ್ಕತ್ತಿನಲ್ಲಿ ಪಿಷ್ಟ ಸುಮಾರು 9 ಗ್ರಾಂ, ಇದರಲ್ಲಿ 5ರ ಒಳಗೆ.

ಅರ್ಧವಾಯಿತೆಂದು ದುಪ್ಪಟ್ಟು ತಿಂದರೆ ಬಂದ ಭಾಗ್ಯವೇನು? ಶೇಂಗಾದಲ್ಲಿ ಕೊಬ್ಬು ಹೆಚ್ಚು, ತೂಕ ಏರುತ್ತದೆ. ಎರಡು ಸಾಕು. ಹೊಸದಾಗಿ ತಿಂದ ದಿನ ಎರಡು ಗಂಟೆ ಬಿಟ್ಟು ರಕ್ತ ಪರೀಕ್ಷಿಸಿ ನೋಡಿದರೆ ನಿಮ್ಮ ಮನೆಯವರಿಗೆ ಹೊಂದುತ್ತದೋ ಇಲ್ಲವೋ ತಿಳಿಯುತ್ತದೆ. ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ತಿನ್ನಲಿ. ಅಂಗಡಿಯಲ್ಲಿ "ಶುಗರ್ ಫ್ರೀ" ಎಂದು ಬರೆದ ಪೊಟ್ಟಣ ಕೊಳ್ಳುವಾಗ ಹಿಂದಿನ ಸಣ್ಣ ಅಕ್ಷರವನ್ನೂ ಓದಿ. ಮೊದಲ ಹೆಸರು ಮೈದಾ ಆಗಿದ್ದರೆ ಸಕ್ಕರೆ ಬಿಟ್ಟದ್ದು ಅರ್ಧ ಕೆಲಸ ಮಾತ್ರ.

ಇನ್ನೊಂದು ಮಾತು, ಇದನ್ನು ಮರೆಯಬೇಡಿ. ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಕೆಲವೊಮ್ಮೆ ಸಕ್ಕರೆ ಇಳಿದು ಕೈ ನಡುಗಿ, ಬೆವರು ಬರುತ್ತದೆ. ಆಗ ಈ ಬಿಸ್ಕತ್ತು ಕೊಟ್ಟರೆ ಉಪಯೋಗವಿಲ್ಲ. ಎಚ್ಚರವಿದ್ದು ನುಂಗಬಲ್ಲವರಾದರೆ ಮೂರು ಸಣ್ಣ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೂಡಲೇ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ.

ಕಡೆಗೆ ಒಂದು ಕೋರಿಕೆ. ರೋಗಿಗೆಂದು ಬೇರೆ ಡಬ್ಬಿ, ಮನೆಯವರಿಗೆ ಬೇರೆ ಡಬ್ಬಿ ಮಾಡಬೇಡಿ. ಮಕ್ಕಳಿಗೂ ಇದೇ ಕೊಡಿ, ಬಂದವರಿಗೂ ಇದೇ ಇಡಿ. ತಟ್ಟೆ ಎಲ್ಲರ ಮುಂದೆಯೂ ನಿಲ್ಲಲಿ. ಬೇಕು ಬೇಡ ಎನ್ನುವುದು ತಿನ್ನುವವರಿಗೆ ಬಿಟ್ಟಿದ್ದು.